ಮೂರು ನೀರಿನ ಬಂದೂಕು, ಏಳು ನೀರಿನ ಬಂದೂಕು

ಬಂದೂಕುಗಳಲ್ಲಿ ಎರಡು ಬಗೆಯುಂಟೆಂಬುದನ್ನು ಪಾಣೆಮಂಗಳೂರಿನ ಇದಿನಬ್ಬನು ಚಿಂದಿ ಒಗೆಯುತ್ತ ತಿಳಿದುಕೊಂಡನು. ಬಂದೂಕನ್ನು ಅವನು ಆ ತನಕ ಮುಟ್ಟಿರಲಿಲ್ಲ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಲೆಕ್ಕದಲ್ಲಿ ಯಾರೂ ತಪ್ಪುವುದಿಲ್ಲ.

1985ನೆಯ ಇಸವಿ. ದಮ್ಮಾಮಿನಿಂದ ಖತೀಫಿಗೆ ಹೋಗುವ ದಾರಿಯಲ್ಲಿ, ಖರ್ಜೂರದ ತೋಟಗಳು ಕಾಣತೊಡಗುವ ಮೊದಲು, ಒಂದು ಕಾವಲು ಪಡೆಯ ಶಿಬಿರವಿತ್ತು. ಗೇಟಿನ ಒಳಗೆ ಎಡಗಡೆಗೆ ತಗಡಿನ ಮಾಡಿನ ಲಾಂಡ್ರಿ. ಅದರ ಗುತ್ತಿಗೆ ಇದಿನಬ್ಬನ ವೀಸಾಕ್ಕೆ ಹೊಣೆ ನಿಂತ ಅಬೂ ನಾಸಿರ್ ಎಂಬ ಕಫೀಲನದು, ಕೆಲಸ ಇದಿನಬ್ಬನದು, ಇದಿನಬ್ಬನ ಪಾಸ್‌ಪೋರ್ಟ್ ಮತ್ತೆ ಕಫೀಲನ ಕಪಾಟಿನಲ್ಲಿ.

ಪ್ರತಿ ಶನಿವಾರ ಬೆಳಗ್ಗೆ ಲಾಂಡ್ರಿಗೆ ಎರಡು ಚೀಲ ಚಿಂದಿ ಬರುತ್ತಿತ್ತು. ಗುಂಡು ಹಾರಿಸಿದ ಬಳಿಕ ಬಂದೂಕಿನ ಒಳಭಾಗವನ್ನು ಒರೆಸಿದ ಬಟ್ಟೆಗಳು. ಒಂದು ಚೀಲ ಹಳೆಯ ಬಂದೂಕುಗಳದು, ಇನ್ನೊಂದು ಹೊಸ ಬಂದೂಕುಗಳದು. ಬೇರೆ ಯಾವನಾದರೂ ಆಗಿದ್ದರೆ ಅವುಗಳನ್ನು ಕಸದ ಡಬ್ಬಿಗೆ ಹಾಕುತ್ತಿದ್ದನು. ಇದಿನಬ್ಬನು ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿ ಹಿಂದಿರುಗಿಸುತ್ತಿದ್ದನು. ಅವನಿಗೆ ಒಂದೇ ನಿಯಮ: ಕೈಗೆ ಬಂದ ಬಟ್ಟೆ ಬಿಳಿಯಾಗದೆ ಹಿಂದಕ್ಕೆ ಹೋಗಬಾರದು. ಒಮ್ಮೆ ಈಜಿಪ್ಟಿನ ಕಾರಕೂನನೊಬ್ಬನ ತಿಳಿಹಳದಿ ಅಂಗಿಯನ್ನು ಬಿಳಿ ಮಾಡಿ ಕೊಟ್ಟಿದ್ದನು. ಅದು ಅಂಗಡಿಯಲ್ಲಿಯೇ ಹಳದಿಯಾಗಿತ್ತೆಂದು ತಿಳಿದ ಮೇಲೂ ಅವನು ಪಶ್ಚಾತ್ತಾಪಪಡಲಿಲ್ಲ.

ಒಂದು ಚೀಲ ಕಪ್ಪು, ಇನ್ನೊಂದು ಚೀಲ ಕಡುಗಪ್ಪು ಏಕೆಂದು ಅವನು ಒಮ್ಮೆ ಸಾರ್ಜೆಂಟ್ ಅವದ್‌ನನ್ನು ಕೇಳಿದ್ದನು. ಸಾರ್ಜೆಂಟನು ಎರಡು ಬಂದೂಕುಗಳನ್ನೂ ಬಿಚ್ಚಿ ತೋರಿಸಿದ್ದನು. ಗುಂಡು ಹಾರುವಾಗ ಮದ್ದಿನ ಗಾಳಿಯಲ್ಲಿ ಸ್ವಲ್ಪ ಭಾಗ ನಳಿಗೆಯ ಮೇಲಿನ ಸಣ್ಣ ತೂತಿನಿಂದ ಹೊರಬೀಳುತ್ತದೆ. ಹಳೆಯ ಬಂದೂಕಿನಲ್ಲಿ ಆ ಗಾಳಿ ಮುಂದುಗಡೆಯೇ ನಿಂತು ಒಂದು ಕೋಲನ್ನು ತಳ್ಳುತ್ತದೆ. ಕೋಲು ಹಿಂದಿನ ಯಂತ್ರವನ್ನು ತಳ್ಳುತ್ತದೆ. ಹೊಸದರಲ್ಲಿ ಕೋಲಿಲ್ಲ. ಸಪೂರ ಕೊಳವೆಯೊಂದರಲ್ಲಿ ಗಾಳಿಯೇ ನೇರವಾಗಿ ಯಂತ್ರದ ಹೊಟ್ಟೆಗೆ ಬರುತ್ತದೆ. ಬರುವಾಗ ಮಸಿಯನ್ನೂ ತರುತ್ತದೆ. ಇಷ್ಟೇ ವ್ಯತ್ಯಾಸ.

ಇದಿನಬ್ಬನು ಊರಿಗೆ ಹೋಗದೆ ನಾಲ್ಕು ವರ್ಷವಾಗಿತ್ತು. ಮಗಳು ಆಮಿನತಳ ನಿಕಾಹ್ ಮೇ ಎರಡನೆಯ ತಾರೀಕು, ಗುರುವಾರ ಎಂದು ನಿಶ್ಚಯವಾಗಿತ್ತು. "ಶಿಬಿರದ ಕ್ಯಾಪ್ಟನ್ ಒಂದು ಸಹಿ ಹಾಕಿದರೆ ಪಾಸ್‌ಪೋರ್ಟ್ ಕೊಡುತ್ತೇನೆ" ಎಂದು ಕಫೀಲನು ಹೇಳಿದ್ದನು. ಒಂದು ಸಹಿ. ಅದನ್ನು ಕೇಳುವುದಕ್ಕೆ ಒಳ್ಳೆಯ ಗಳಿಗೆಯನ್ನು ಕಾಯುತ್ತ ಇದಿನಬ್ಬನು ಮಾರ್ಚ್ ಹದಿನೈದನ್ನು ಮುಟ್ಟಿದ್ದನು. ಉಳಿದದ್ದು ನಲವತ್ತೆಂಟು ದಿನ.

ಅಂದು ಶುಕ್ರವಾರ. ಜುಮಾ ಕಳೆದ ಮೇಲೆ ಊರಿನವರು ಅಲ್ ಖೋಬರಿನಲ್ಲಿ ಭಟ್ಕಳದ ಖಲೀಲುರ್ರಹ್ಮಾನ್ ಸಾಹೇಬರ ಬಟ್ಟೆಯಂಗಡಿಯಲ್ಲಿ ಸೇರುವುದು ವಾಡಿಕೆ. ಸಾಹೇಬರು ಹದಿನೆಂಟು ವರ್ಷದಿಂದ ಸೌದಿಯಲ್ಲಿದ್ದವರು. ಮಾತನಾಡುವಾಗ ಗಜಕೋಲನ್ನು ಕೈಯಲ್ಲಿ ಹಿಡಿದುಕೊಳ್ಳುವರು.

"ನಿಮ್ಮ ಕ್ಯಾಪ್ಟನ್ ಮೊನ್ನೆ ಬಂದಿದ್ದರು, ಇದಿನಬ್ಬಾಕ" ಎಂದರು ಸಾಹೇಬರು. "ಹೊಸ ರೈಫಲ್ ಬಂದಿದೆಯಂತೆ. ಹಗುರ, ನಾಜೂಕು, ಬಹಳ ಸಾಫ್. ನಿಮಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ನೀವು ಸಾಬೂನಿನವರು."

ಅಂಗಡಿಯಲ್ಲಿ ಹನ್ನೊಂದು ಜನರಿದ್ದರು. ಒಂಬತ್ತು ಜನ ನಕ್ಕರು.

"ನಾಜೂಕು ಇರಬಹುದು ಸಾಹೇಬ್ರೆ" ಎಂದನು ಇದಿನಬ್ಬ. "ಸಾಫ್ ಅಂತ ಮಾತ್ರ ಹೇಳ್ಬೇಡಿ. ಅದರ ಹೊಟ್ಟೆ ಒಳಗೆ ಎಂತ ಉಂಟು ಅಂತ ನನಗೆ ಗೊತ್ತುಂಟು. ಹಳತೇ ಸಾಫ್. ನಾನು ಅದೇ ಡಿಪಾರ್ಟ್‌ಮೆಂಟಿನಲ್ಲಿ ಇರುವುದು."

"ಯಾವ ಡಿಪಾರ್ಟ್‌ಮೆಂಟ್?"

"ಶಸ್ತ್ರದ್ದು."

ಇದು ಮೊದಲನೆಯ ತಪ್ಪು. ನಗದೆ ಉಳಿದ ಇಬ್ಬರಲ್ಲಿ ಒಬ್ಬನು ಅಬ್ದುಲ್ ಜಲೀಲ್. ಇವನು ಶಿಬಿರದ ಉಗ್ರಾಣದಲ್ಲಿ ಟೈಪಿಸ್ಟ್, ಇದಿನಬ್ಬನ ಕೋಣೆಯಲ್ಲಿಯೇ ವಾಸ, ಅರಬಿ ಚೆನ್ನಾಗಿ ಬಲ್ಲವನು. ಅವನ ಬಾಯಿಗೆ ಬಿದ್ದ ಸಂಗತಿ ಗಾತ್ರದಲ್ಲಿ ಬೆಳೆಯುತ್ತದೆ. ಆದುದರಿಂದ ಅವನು ಹೇಳಿದ್ದರಲ್ಲಿ ಮೂರನೆಯ ಒಂದು ಭಾಗವನ್ನು ಕಳೆದು ಶೇಷವನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಶನಿವಾರ ಬೆಳಗ್ಗೆ ಏಳೂವರೆಗೆ ಜಲೀಲನು ಉಗ್ರಾಣದಲ್ಲಿ, ನಮ್ಮ ಇದಿನಬ್ಬಾಕ ಹೊಸ ಬಂದೂಕು ಕೊಳಕೆಂದು ತೀರ್ಮಾನ ಕೊಟ್ಟಿದ್ದಾರೆ ಎಂದನು. ಎಂಟು ಗಂಟೆಗೆ ಸಾರ್ಜೆಂಟ್ ಅವದ್ ಲಾಂಡ್ರಿಗೆ ಬಂದು ಇದಿನಬ್ಬನ ಎರಡೂ ಕೆನ್ನೆಗೆ ಮುತ್ತಿಟ್ಟನು. ಸಾರ್ಜೆಂಟನು ಇಪ್ಪತ್ತೆರಡು ವರ್ಷ ಹಳೆಯ ಬಂದೂಕನ್ನು ಹೊತ್ತವನು. ಹೊಸದನ್ನು ನೋಡಿದರೆ ಅವನಿಗೆ ಮಲತಾಯಿಯನ್ನು ಕಂಡಂತಾಗುತ್ತಿತ್ತು. ಎಂಟೂಕಾಲಿಗೆ ಕ್ಯಾಪ್ಟನ್ ಮುತ್ಲಖ್‌ನಿಂದ ಕರೆ ಬಂತು. ಕ್ಯಾಪ್ಟನನು ಹೊಸ ಬಂದೂಕು ಎಲ್ಲ ವಿಧದಲ್ಲಿಯೂ ಶುಚಿಯಾದುದೆಂದು ರಿಯಾದಿಗೆ ಆಗಲೇ ವರದಿ ಕಳುಹಿಸಿ ಬಿಟ್ಟಿದ್ದನು.

ಜಲೀಲನು ದುಭಾಷಿಯಾಗಿ ನಿಂತನು. ಇದಿನಬ್ಬನ ಅರಬಿ ನಿತ್ಯದ ಮಾತಿಗೆ ಸಾಕು, ಕಚೇರಿಗೆ ಸಾಲದು.

"ನೀನು ಶಸ್ತ್ರತಜ್ಞನಂತೆ" ಎಂದನು ಕ್ಯಾಪ್ಟನ್.

"ಅಲ್ಲ ಅಂತ ಹೇಳು ಮಾರಾಯ" ಎಂದು ಇದಿನಬ್ಬನು ಪಿಸುಗುಟ್ಟಿದನು.

"ಈಗ ಅಲ್ಲ ಅಂದರೆ ಸುಳ್ಳು ಹೇಳಿದ್ದಕ್ಕೆ ಹಿಡೀತಾರೆ. ಹೌದು ಅಂದರೆ ಚಾ ಕೊಡ್ತಾರೆ" ಎಂದು ಜಲೀಲನು ಕನ್ನಡದಲ್ಲಿ ಹೇಳಿ, ಅರಬಿಯಲ್ಲಿ "ಹೌದು" ಎಂದನು. ಚಹಾ ಬಂತು.

ಹಾಗಾದರೆ ವಿವರಿಸು ಎಂದನು ಕ್ಯಾಪ್ಟನ್. ಇದಿನಬ್ಬನು ತಾನು ಬಲ್ಲ ಶಾಸ್ತ್ರದಿಂದ ವಿವರಿಸಿದನು.

"ಹಳತು ಅಂದರೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಸಾರ್. ಕೆಂಡ ಪೆಟ್ಟಿಗೆ ಒಳಗೆ, ಬೂದಿ ಅಲ್ಲಿಯೇ. ಬಟ್ಟೆಗೆ ಬರುವುದು ಬಿಸಿ ಮಾತ್ರ. ಹೊಸತು ಹಬೆಯ ಇಸ್ತ್ರಿ. ಹಬೆ ನೇರ ಬಟ್ಟೆಗೇ ಬರ್ತದೆ. ಕೆಲಸ ನಯ. ಆದರೆ ನೀರಿನಲ್ಲಿ ತುಕ್ಕು ಇದ್ದರೆ ಅದೂ ಬಟ್ಟೆಗೇ."

ಕ್ಯಾಪ್ಟನನು ಲೋಟವನ್ನು ಕೆಳಗಿಟ್ಟನು. ಬಂದೂಕು ಕಂಪೆನಿಯವರು ಮೂರು ದಿನ ಭಾಷಣ ಮಾಡಿದಾಗ ಅವನಿಗೆ ತಿಳಿಯದಿದ್ದದ್ದು ಈಗ ಒಂದು ಲೋಟ ಚಹಾದೊಳಗೆ ತಿಳಿದುಬಿಟ್ಟಿತ್ತು. ಅದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಶುಚಿಯೊಂದೇ ಸಾಲದು. ಕೈಗೆ ಹೇಗೆ, ಹೆಗಲಿಗೆ ಹೇಗೆ? ಹಾರಿಸಿದ್ದೀಯಾ?"

"ಊರಿನಲ್ಲಿ" ಎಂದನು ಇದಿನಬ್ಬ. ಇದು ಎರಡನೆಯ ತಪ್ಪು. ಊರಿನಲ್ಲಿ ಅವನ ಸೋದರಮಾವನು ಪೇರಳೆ ಮರದ ಬಾವಲಿಗಳಿಗೆ ನಾಡಕೋವಿಯಿಂದ ಗುರಿಯಿಟ್ಟಾಗ ಇವನು ಏಣಿ ಹಿಡಿದಿದ್ದನು. ಬಾವಲಿಗಳು ಕ್ಷೇಮವಾಗಿವೆ.

"ಯಲ್ಲಾ, ನಡೆ" ಎಂದು ಕ್ಯಾಪ್ಟನನು ಎದ್ದನು.

ಗುಂಡು ಹಾರಿಸುವ ಬಯಲಿನಲ್ಲಿ ಇದಿನಬ್ಬನನ್ನು ಮರಳಿನ ಚೀಲಗಳ ಹಿಂದೆ ಮಲಗಿಸಲಾಯಿತು. ಶಿಬಿರದ ಅರ್ಧಕ್ಕಿಂತ ಹೆಚ್ಚು ಜನ ನೋಡಲು ಬಂದಿದ್ದರು. ಐದು ಗುಂಡು ಹಳೆಯದರಿಂದ, ಐದು ಹೊಸದರಿಂದ. ಅವನು ಕಣ್ಣು ಮುಚ್ಚಿಕೊಂಡೇ ಹತ್ತನ್ನೂ ಮುಗಿಸಿದನು. ಅವನ ಗುರಿಹಲಗೆಗೆ ಒಂದೂ ತಗಲಲಿಲ್ಲ. ಪಕ್ಕದ ಸಾಲಿನ ಗುರಿಹಲಗೆಯ ನಡುಮಧ್ಯದಲ್ಲಿ ಎರಡು ತೂತುಗಳಿದ್ದವು. ಹಾರಿಸುವವರು ಹಲಗೆಯನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ಹಿಂದೂಸ್ಥಾನದಲ್ಲಿ ಇದ್ದರೂ ಇರಬಹುದೆಂದು ಸೈನಿಕರು ತಮ್ಮೊಳಗೆ ಮಾತನಾಡಿಕೊಂಡರು.

"ಹೇಳು" ಎಂದನು ಕ್ಯಾಪ್ಟನ್.

ಇದಿನಬ್ಬನು ಹೆಗಲನ್ನು ಉಜ್ಜಿಕೊಳ್ಳುತ್ತ ಎದ್ದು ಕುಳಿತನು. ಅವನು ಸುಳ್ಳು ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದುದರಿಂದ ಸತ್ಯವನ್ನೇ ಹೇಳಿದನು.

"ಹಳತು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹಾಗೆ, ಸಾರ್. ಮೊದಲು ಒಬ್ಬ ದೂಡ್ತಾನೆ. ಅವನ ಹಿಂದಿನವನು ಮತ್ತೊಮ್ಮೆ ದೂಡ್ತಾನೆ. ಕೋಲಿನ ಭಾರ ಆಚೆ ಈಚೆ ಹೋಗುವುದು ಕೈಗೆ ಗೊತ್ತಾಗ್ತದೆ. ಹೊಸತು ಒಂದೇ ದೂಡು, ಅದೂ ನೇರ, ಮೆತ್ತಗೆ. ಕಿವಿಯ ಹತ್ತಿರ ಒಂದು ಸ್ಪ್ರಿಂಗ್ ಕೊಂಯ್ ಅಂತದೆ, ಅಷ್ಟೆ. ಆದರೆ ಮೂಗಿಗೆ ವಾಸನೆ, ಕಣ್ಣಿಗೆ ಉರಿ. ಮಸಿ ನನ್ನ ಮುಖಕ್ಕೂ ಬಂದಿದೆ, ನೋಡಿ."

ಕ್ಯಾಪ್ಟನನಿಗೆ ಅರ್ಧ ಸಂತೋಷವಾಯಿತು, ಸಾರ್ಜೆಂಟನಿಗೆ ಉಳಿದ ಅರ್ಧ. ಇಬ್ಬರೂ ಪೂರ್ಣಕ್ಕಾಗಿ ಪಟ್ಟು ಹಿಡಿದರು. ಶಿಬಿರ ಎರಡು ಪಕ್ಷವಾಯಿತು. ಅಡುಗೆಯವರು ಸಹ ಪಕ್ಷ ನೋಡಿ ಮಾಂಸ ಬಡಿಸತೊಡಗಿದರು. ಸುದ್ದಿ ರಿಯಾದಿಗೆ ಮುಟ್ಟಿತು. ಏಪ್ರಿಲ್ ಮೂರು, ಬುಧವಾರ ಒಬ್ಬ ಕರ್ನಲ್ ಬಂದು ತಾವೇ ಪರೀಕ್ಷಿಸುವರೆಂದು ಆಜ್ಞೆಯಾಯಿತು.

ಪರೀಕ್ಷೆಯ ವಿಧಾನ ನ್ಯಾಯವಾಗಿಯೇ ಇತ್ತು. ಸೋಮವಾರ ಎರಡು ಬಂದೂಕುಗಳಿಂದ ತಲಾ ಇನ್ನೂರ ನಲವತ್ತು ಗುಂಡು ಹಾರಿಸುವುದು. ತಲಾ ಹನ್ನೆರಡು ಹೊಸ ಬಿಳಿಯ ಬಟ್ಟೆಗಳಿಂದ ಒರೆಸುವುದು. ಬುಧವಾರ ಆ ಇಪ್ಪತ್ತನಾಲ್ಕು ಬಟ್ಟೆಗಳನ್ನು ಕರ್ನಲರ ಮುಂದೆ ಹರಡಿ ಯಾವುದು ಹೆಚ್ಚು ಕಪ್ಪೆಂದು ನೋಡುವುದು. ಬಟ್ಟೆ ಖಲೀಲುರ್ರಹ್ಮಾನ್ ಸಾಹೇಬರ ಅಂಗಡಿಯದು, ಒಂದೇ ಥಾನಿನಿಂದ ಹರಿದದ್ದು.

ಸೋಮವಾರ ಮಧ್ಯಾಹ್ನ ಒರೆಸುವ ಕೆಲಸ ಮುಗಿಯುತ್ತಿದ್ದಂತೆ ಮರುಭೂಮಿಯ ಕಡೆಯಿಂದ ಧೂಳಿನ ಗಾಳಿ ಎದ್ದಿತು. ಕಚೇರಿಯ ಕಿಟಕಿಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಟ್ಟೆಯ ಮೇಲೆ ಧೂಳು ಕುಳಿತರೆ ಪರೀಕ್ಷೆ ಕೆಡುತ್ತದೆ. ಶಿಬಿರದಲ್ಲಿ ಧೂಳು ನುಗ್ಗದ ಜಾಗ ಒಂದೇ, ಲಾಂಡ್ರಿಯ ಕಬ್ಬಿಣದ ಕಪಾಟು. ಕ್ಯಾಪ್ಟನನು ಸ್ವತಃ ಎರಡು ಚೀಲಗಳನ್ನು ಹೊತ್ತು ತಂದು ಇದಿನಬ್ಬನ ಕೈಯಲ್ಲಿಟ್ಟನು.

"ಇದನ್ನು ಕರ್ನಲ್ ತಮ್ಮ ಕಣ್ಣಿನಿಂದ ನೋಡುತ್ತಾರೆ. ಒಂದು ಚುಕ್ಕೆ ಧೂಳು ಇರಬಾರದು. ನನ್ನ ಮಾನ ನಿನ್ನ ಕೈಯಲ್ಲಿದೆ. ಚೆನ್ನಾಗಿ ನೋಡಿಕೋ."

"ನಾನು ಇದ್ದೇನಲ್ಲ ಸಾರ್" ಎಂದನು ಇದಿನಬ್ಬ.

ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಮನುಷ್ಯನ ಕೈಗೆ ಕೊಳೆಯಾದ ಬಟ್ಟೆಯನ್ನು ಕೊಟ್ಟು, ದೊಡ್ಡವರು ನೋಡುತ್ತಾರೆ, ಚೆನ್ನಾಗಿ ನೋಡಿಕೋ ಎಂದು ಹೇಳಿದರೆ ಅವನು ಏನು ಮಾಡಬೇಕು? ಮಂಗಳವಾರ ನಸುಕಿನ ಫಜ್ರ್ ನಮಾಜಿನಿಂದ ಆರಂಭಿಸಿ ಸಂಜೆಯ ಮಗ್ರಿಬ್ ಬಾಂಗಿನ ತನಕ ಇದಿನಬ್ಬನು ಅದನ್ನೇ ಮಾಡಿದನು. ಕರ್ನಲರ ಕೆಲಸವಾದ್ದರಿಂದ ಒಟ್ಟಿಗೆ ಹಾಕಿ ಕಲಸದೆ ಒಂದೊಂದು ಬಟ್ಟೆಯನ್ನೂ ಒಂದೊಂದು ಬಾಲ್ದಿಯಲ್ಲಿ, ಕಪ್ಪು ಬಿಡುವ ತನಕ ನೀರು ಬದಲಿಸುತ್ತ, ಒಗೆದನು. ಮೊದಲೇ, ಲಾಂಡ್ರಿಯ ವಾಡಿಕೆಯಂತೆ, ಅಳಿಯದ ಶಾಯಿಯಿಂದ ಪ್ರತಿಯೊಂದರ ಮೂಲೆಯಲ್ಲಿ ಗುರುತು ಹಾಕಿದ್ದನು: ಹಳೆಯದಕ್ಕೆ ಒಂದು ಚುಕ್ಕೆ, ಹೊಸದಕ್ಕೆ ಎರಡು. ಬಳಿಕ ನೀಲಿ, ಗಂಜಿ, ಇಸ್ತ್ರಿ.

ಬುಧವಾರ ಹತ್ತು ಗಂಟೆಗೆ ಕರ್ನಲರು ಮೇಜಿನ ಮುಂದೆ ಕುಳಿತರು. ಬಲಕ್ಕೆ ಕ್ಯಾಪ್ಟನ್, ಎಡಕ್ಕೆ ಸಾರ್ಜೆಂಟ್, ಹಿಂದೆ ದುಭಾಷಿಯಾಗಿ ಜಲೀಲ್, ಬಟ್ಟೆ ಒದಗಿಸಿದವರೆಂಬ ಗೌರವದಿಂದ ಖಲೀಲುರ್ರಹ್ಮಾನ್ ಸಾಹೇಬರು ಒಂದು ಕುರ್ಚಿಯಲ್ಲಿ. ಇದಿನಬ್ಬನು ದೊಡ್ಡ ತಟ್ಟೆಯೊಂದನ್ನು ಎರಡು ಕೈಯಿಂದ ಹಿಡಿದು ತಂದು, ಮೇಲಿನ ಹೊದಿಕೆಯನ್ನು ಸರಿಸಿದನು.

ಇಪ್ಪತ್ತನಾಲ್ಕು ಬಟ್ಟೆಗಳು ಹಾಲಿನಂತೆ ಬೆಳಗಿದವು.

ಕ್ಯಾಪ್ಟನನ ಮುಖಕ್ಕೆ ಬಟ್ಟೆಗಳ ಬಣ್ಣ ಬಂತು. ಸಾರ್ಜೆಂಟನು ಏನೋ ಪ್ರಾರ್ಥನೆಯನ್ನು ಮೂರು ಸಲ ಓದಿ ಎದೆಗೆ ಊದಿಕೊಂಡನು. ಮೊದಲು ಬಾಯಿ ತೆರೆದವರು ಖಲೀಲುರ್ರಹ್ಮಾನ್ ಸಾಹೇಬರು. ಅವರು ಒಂದು ಬಟ್ಟೆಯನ್ನೆತ್ತಿ ಬೆರಳಿನಿಂದ ಅಳೆದು ಕೂಗಿದರು: "ಮಾಶಾ ಅಲ್ಲಾಹ್! ನೋಡಿ, ಕಾಲಂಗುಲವೂ ಕುಗ್ಗಿಲ್ಲ! ಇದು ನಮ್ಮ ಮಾಲು!"

"ಪರೀಕ್ಷೆಯ ಬಟ್ಟೆ ಎಲ್ಲಿ?" ಎಂದರು ಕರ್ನಲರು.

"ಇದೇ" ಎಂದನು ಕ್ಯಾಪ್ಟನ್. ಧ್ವನಿ ಬಾವಿಯೊಳಗಿನಿಂದ ಬಂದಂತಿತ್ತು.

"ನಾಲ್ಕುನೂರ ಎಂಬತ್ತು ಗುಂಡು ಹಾರಿಸಿದ ಬಂದೂಕುಗಳನ್ನು ಇದರಿಂದ ಒರೆಸಿದಿರಿ?"

"ಒರೆಸಿದ ಮೇಲೆ, ಇವನು..."

ಎಲ್ಲರೂ ಇದಿನಬ್ಬನ ಕಡೆಗೆ ನೋಡಿದರು. ಪ್ರಶಂಸೆಗಾಗಿ ಕಾದಿದ್ದ ಇದಿನಬ್ಬನು ಆಗ ಮೊದಲ ಬಾರಿಗೆ ಗಾಬರಿಯಾದನು.

"ಎಂತ ಆಯ್ತು ಜಲೀಲ್? ಕಲೆ ಉಳಿದಿದೆಯಾ?"

"ಉಳಿಯದ್ದೇ ಆದದ್ದು, ಇದಿನಬ್ಬಾಕ. ಕಲೆ ನೋಡ್ಲಿಕ್ಕೇ ಅವರು ರಿಯಾದಿನಿಂದ ಬಂದದ್ದು."

"ಕಲೆ ನೋಡ್ಲಿಕ್ಕೆ ಯಾರಾದರೂ ಬರ್ತಾರಾ ಮಾರಾಯ?"

ಜಲೀಲನು ಇದನ್ನೂ ಅನುವಾದಿಸಿದನು. ಕರ್ನಲರ ಮೀಸೆ ಸ್ವಲ್ಪ ಅಲುಗಿತು. "ಯಾವುದು ಯಾವ ಬಂದೂಕಿನದೆಂದಾದರೂ ಬಲ್ಲೆಯಾ?"

"ಗುರುತು ಉಂಟಲ್ಲ ಸಾರ್. ಒಂದು ಚುಕ್ಕೆ ಹಳತು, ಎರಡು ಚುಕ್ಕೆ ಹೊಸತು. ಹಳತಕ್ಕೆ ಮೂರು ನೀರು. ಹೊಸತಕ್ಕೆ ಏಳು ನೀರು. ಆರನೇ ನೀರಿನಲ್ಲಿ ಬಿಡುವ ಅಂತ ಒಮ್ಮೆ ಕಂಡಿತು. ಬಿಡಲಿಲ್ಲ."

ಕರ್ನಲರು ಪೆನ್ನು ಕೈಗೆತ್ತಿಕೊಂಡರು. ಅವರಿಗೆ ಲೆಕ್ಕ ಬರುತ್ತಿತ್ತು ಎಂಬುದು ಈ ಕಥೆಯಲ್ಲಿ ನನಗೆ ಸಮಾಧಾನ ಕೊಟ್ಟ ಏಕೈಕ ಸಂಗತಿ. ಹನ್ನೆರಡು ಮೂರಲಿ ಮೂವತ್ತಾರು. ಹನ್ನೆರಡು ಏಳಲಿ ಎಂಬತ್ತನಾಲ್ಕು. ಒಟ್ಟು ನೂರ ಇಪ್ಪತ್ತು ಬಾಲ್ದಿ. ಬಾಲ್ದಿಗೆ ಹತ್ತು ಲೀಟರಿನಂತೆ ಸಾವಿರದ ಇನ್ನೂರು ಲೀಟರ್ ನೀರು. ಗುರುವಾರ ಬರಬೇಕಾದ ನೀರಿನ ಟ್ಯಾಂಕರನ್ನು ಬುಧವಾರ ಬೆಳಗ್ಗೆಯೇ ಕರೆಸಬೇಕಾಯಿತೆಂಬ ಚೀಟಿಯನ್ನು ಜಲೀಲನು ಓಡಿ ತಂದನು. ತೊಟ್ಟಿಯಲ್ಲಿ ಕಡಿಮೆಯಾದದ್ದು ಸಾವಿರದ ಇನ್ನೂರು. ಸರಿಹೋಯಿತು.

"ಕಣ್ಣಿನಿಂದ ನೋಡಿದ್ದರೆ ಒಂದು ಕಪ್ಪು, ಇನ್ನೊಂದು ಹೆಚ್ಚು ಕಪ್ಪು ಎಂದು ಮಾತ್ರ ಬರೆಯುತ್ತಿದ್ದೆ. ಈಗ ಅಳತೆ ಸಿಕ್ಕಿತು" ಎಂದರು ಕರ್ನಲರು. "ಹೊಸ ಬಂದೂಕು ಹಳೆಯದರ ಎರಡು ಮತ್ತು ಮೂರನೆಯ ಒಂದು ಪಟ್ಟು ಕೊಳಕು. ಕೈಗೆ ಹೇಗೆ?"

ಕ್ಯಾಪ್ಟನನು ಬಯಲಿನಲ್ಲಿ ಬರೆಸಿಕೊಂಡಿದ್ದ ಇದಿನಬ್ಬನ ಹೇಳಿಕೆಯನ್ನು ಓದಿದನು. ರೇಷನ್ ಅಂಗಡಿಯ ಸಾಲು ಎಂಬಲ್ಲಿ ಕರ್ನಲರು ಎರಡನೆಯ ಬಾರಿ ಓದಿಸಿದರು.

ತೀರ್ಪು ಹೀಗಿತ್ತು: ಹಿಡಿಯುವುದಕ್ಕೆ ಹೊಸದು ಒಳ್ಳೆಯದು, ಶುಚಿಗೆ ಹಳೆಯದು. ಶಿಬಿರವು ಹೊಸ ಬಂದೂಕನ್ನು ಇಟ್ಟುಕೊಳ್ಳಬಹುದು. ಆದರೆ ಒಗೆಯುವವನು ಜೊತೆಯಲ್ಲಿದ್ದರೆ ಮಾತ್ರ. ಹೊಸ ಬಂದೂಕಿನೊಂದಿಗೆ ಇರಲೇಬೇಕಾದ ಸಲಕರಣೆಗಳ ಪಟ್ಟಿಯಲ್ಲಿ ಒರೆಸುವ ಸಲಾಕೆ, ಕುಂಚ, ಎಣ್ಣೆಯ ಶೀಸೆ ಮೊದಲಾದ ಹದಿಮೂರು ವಸ್ತುಗಳಿದ್ದವು. ಕರ್ನಲರು ಹದಿನಾಲ್ಕನೆಯದನ್ನು ತಮ್ಮ ಕೈಯಿಂದಲೇ ಸೇರಿಸಿದರು: "ಅಗಸ, ಹಿಂದೂಸ್ಥಾನದ ತಯಾರಿ, ಒಂದು." ಕೆಳಗೆ ಸಹಿ, ಮುದ್ರೆ.

ಕ್ಯಾಪ್ಟನನಿಗೆ ಬಂದೂಕು ಉಳಿಯಿತು, ಸಾರ್ಜೆಂಟನಿಗೆ ಮಾತು ಉಳಿಯಿತು. ಇಬ್ಬರೂ ಇದಿನಬ್ಬನನ್ನು ಅಪ್ಪಿಕೊಂಡರು. ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದೆಂದು ಇದಿನಬ್ಬನು ಜೇಬಿನಿಂದ ರಜೆಯ ಅರ್ಜಿಯನ್ನು ತೆಗೆದು ಕ್ಯಾಪ್ಟನನ ಮುಂದಿಟ್ಟನು. ಉಳಿದದ್ದು ಇಪ್ಪತ್ತೊಂಬತ್ತು ದಿನ.

ಕ್ಯಾಪ್ಟನನು ಅರ್ಜಿಯನ್ನು ಓದಿ, ಪಟ್ಟಿಯನ್ನು ಓದಿ, ಮತ್ತೆ ಅರ್ಜಿಯನ್ನು ಓದಿದನು. ಅವನು ಕೆಟ್ಟವನಲ್ಲ, ಮುದ್ರೆಗೆ ಹೆದರುವವನು.

"ರಜೆ ಮನುಷ್ಯರಿಗೆ. ನೀನು ಈಗ ಸಲಕರಣೆ. ಸಲಕರಣೆ ಗೇಟು ದಾಟಬೇಕಾದರೆ ರಿಯಾದಿನ ಅಪ್ಪಣೆ ಬೇಕು."

"ಎಷ್ಟು ದಿನ ಆಗ್ತದೆ?"

"ಹೋದ ವರ್ಷ ಒಂದು ಎಣ್ಣೆ ಶೀಸೆಗೆ ಏಳು ತಿಂಗಳಾಯಿತು."

ಇದಿನಬ್ಬನು ಕಫೀಲನ ಬಳಿಗೆ ಓಡಿದನು. ಅಬೂ ನಾಸಿರನು ಕೈಚೆಲ್ಲಿದನು. "ನಿನ್ನ ವಾಸದ ಪರವಾನಗಿಯಲ್ಲಿ, ಇಕಾಮಾದಲ್ಲಿ, ನನ್ನ ಹೆಸರಿದೆ, ನಿಜ. ಆದರೆ ಸೈನ್ಯದ ಸಾಮಾನನ್ನು ನಾನು ಹೇಗೆ ವಿಮಾನ ಹತ್ತಿಸಲಿ? ನನ್ನನ್ನು ಕಳ್ಳಸಾಗಣೆಗೆ ಹಿಡಿಯುತ್ತಾರೆ."

ಶನಿವಾರದ ತಪಾಸಣೆಯಲ್ಲಿ ಸಾರ್ಜೆಂಟನು ಸಲಕರಣೆಗಳನ್ನು ಎಣಿಸುವಾಗ ಇದಿನಬ್ಬನು ಕುಂಚಗಳ ಪಕ್ಕದಲ್ಲಿ ನಿಲ್ಲಬೇಕಾಯಿತು. "ಹನ್ನೆರಡು, ಹದಿಮೂರು, ಅಸ್ಸಲಾಮು ಅಲೈಕುಂ, ಹದಿನಾಲ್ಕು" ಎಂದು ಸಾರ್ಜೆಂಟನು ಎಣಿಸಿ ಮುಂದೆ ಹೋದನು. ಶುಕ್ರವಾರ ಅಂಗಡಿಯಲ್ಲಿ ಖಲೀಲುರ್ರಹ್ಮಾನ್ ಸಾಹೇಬರು ತಾವೇ ಎದ್ದು ಕುರ್ಚಿ ಕೊಟ್ಟರು. "ಕೂತುಕೊಳ್ಳಿ. ಸರಕಾರದ ಸೊತ್ತಾಗುವುದು ಸಣ್ಣ ಮರ್ಯಾದೆಯೇ? ಹದಿನೆಂಟು ವರ್ಷದಲ್ಲಿ ನನ್ನನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ." ಈ ಸಲ ಹನ್ನೊಂದು ಜನರಲ್ಲಿ ಯಾರೂ ನಗಲಿಲ್ಲ. ಇದಿನಬ್ಬನಿಗೆ ಅದೇ ಹೆಚ್ಚು ನೋವಾಯಿತು.

ಏಪ್ರಿಲ್ ಹದಿಮೂರಕ್ಕೆ ಹೆಂಡತಿ ಝೊಹರಾಳ ಕಾಗದ ಬಂತು. ಝೊಹರಾ ಐದನೆಯ ತರಗತಿಯ ತನಕ ಓದಿದವಳು. ಮಾತನ್ನು ವ್ಯರ್ಥ ಮಾಡುವವಳಲ್ಲ. "ನೀವು ಮಿಲಿಟರಿಯಲ್ಲಿ ದೊಡ್ಡ ಆಫೀಸರ್ ಆಗಿದ್ದೀರಿ ಅಂತ ಅಲ್ಲಿಂದ ಬಂದವರು ಹೇಳಿದರು. ಹುಡುಗನ ಕಡೆಯವರಿಗೂ ಹೇಳಿ ಆಯ್ತು. ಬಂದರೆ ಸಂತೋಷ. ಬರದಿದ್ದರೆ ಆಮಿನತಳ ಕೈಹಿಡಿದು ಕೊಡುವುದು ಯಾರು ಅಂತ ಆಫೀಸರೇ ಬರೆದು ಕಳಿಸಲಿ."

ಇದಿನಬ್ಬನು ಕಾಗದವನ್ನು ಓದಿ, ಒಗೆಯಲು ಏನೂ ಇಲ್ಲದಿದ್ದುದರಿಂದ, ಲಾಂಡ್ರಿಯ ಗೋಡೆಯನ್ನು ಒಗೆದನು.

ಜಲೀಲನಿಗೆ ತನ್ನ ನಾಲಗೆಯ ಪಾಲು ನೆನಪಾಗಿರಬೇಕು. ಅವನು ಉಗ್ರಾಣದ ನಿಯಮಗಳ ಪುಸ್ತಕವನ್ನು ಒಂದು ವಾರ ಓದಿ, ಇಪ್ಪತ್ತನೆಯ ತಾರೀಕು ಬೆಳಗ್ಗೆ ಲಾಂಡ್ರಿಗೆ ಓಡಿಬಂದನು.

"ಇದಿನಬ್ಬಾಕ, ಮೂವತ್ತೊಂದನೇ ನಿಯಮ! ಕೆಟ್ಟುಹೋದ ಸಲಕರಣೆಯನ್ನು ತಯಾರಾದ ಜಾಗಕ್ಕೆ ದುರಸ್ತಿಗೆ ಕಳಿಸ್ಬೇಕು. ಅದಕ್ಕೆ ರಿಯಾದ್ ಬೇಡ. ಕ್ಯಾಪ್ಟನನ ಸಹಿ ಸಾಕು. ನಿಮ್ಮನ್ನು ತಯಾರು ಮಾಡಿದ್ದು ಎಲ್ಲಿ?"

"ಎಂತ ಪ್ರಶ್ನೆ ಮಾರಾಯ. ಪಾಣೆಮಂಗಳೂರು."

"ಹಾಗಾದರೆ ಅಲ್ಲಿಗೇ. ನೀವು ಕೆಡಬೇಕು, ಅಷ್ಟೆ. ಒಂದು ಚಿಂದಿ, ಒಂದೇ ಒಂದು, ಕಪ್ಪಾಗಿಯೇ ಸಾರ್ಜೆಂಟನ ಮೇಜಿನ ಮೇಲೆ ಇಡಿ."

ಮಸೀದಿಯ ಮೆಟ್ಟಿಲಿನಿಂದ ಚಪ್ಪಲಿ ಕದಿಯಲು ಹೇಳಿದಂತೆ ಇದಿನಬ್ಬನು ಅವನನ್ನು ನೋಡಿದನು. ಆದರೆ ಉಳಿದದ್ದು ಹನ್ನೆರಡು ದಿನ. ಒಪ್ಪಿದನು.

ಲಾಂಡ್ರಿಯಿಂದ ಸಾರ್ಜೆಂಟನ ಮೇಜಿಗೆ ನಲವತ್ತು ಹೆಜ್ಜೆ. ಶನಿವಾರ ಇದಿನಬ್ಬನು ಕಪ್ಪು ಚಿಂದಿಯನ್ನು ಹಿಡಿದು ಹೊರಟು, ಇಪ್ಪತ್ತೊಂದನೆಯ ಹೆಜ್ಜೆಯಲ್ಲಿ ಅದನ್ನು ಬಿಸಿಲಿನಲ್ಲಿ ನೋಡಿ, ಹಿಂದಿರುಗಿದನು. ಭಾನುವಾರ ಮೇಜನ್ನು ಮುಟ್ಟಿದನು, ಚಿಂದಿ ಬಿಳಿಯಾಗಿತ್ತು. "ಸ್ವಲ್ಪವೇ ಸ್ವಲ್ಪ ನೀರಿಗೆ ತೋರಿಸಿದ್ದು" ಎಂದನು. ಸೋಮವಾರ ಜಲೀಲನು ಚಿಂದಿಯನ್ನು ತಾನೇ ಹಿಡಿದುಕೊಂಡು, ಇದಿನಬ್ಬನನ್ನು ಮುಂದೆ ನಡೆಸಿ, ಕ್ಯಾಪ್ಟನನೂ ಇದ್ದ ಹೊತ್ತು ನೋಡಿ, ಮೇಜಿನ ಮೇಲೆ ಇಟ್ಟನು. ಹೊಸ ಬಂದೂಕಿನ ಚಿಂದಿ; ಕಡುಗಪ್ಪು.

"ಇದೋ ಸಾರ್, ಅಗಸ ಕೆಟ್ಟಿದೆ" ಎಂದು ಜಲೀಲನು ಆರಂಭಿಸಿದನು.

ಮೂಲೆಯಲ್ಲಿ ಬೆಂಕಿ ಆರಿಸುವ ನೀರಿನ ಕೆಂಪು ಬಾಲ್ದಿಯಿತ್ತು. ಜಲೀಲನು ಮಾತು ಮುಗಿಸಿ ನೋಡುವಾಗ ಮೇಜಿನ ಮೇಲೆ ಚಿಂದಿ ಇರಲಿಲ್ಲ. ಬಾಲ್ದಿಯ ಮುಂದೆ ಇದಿನಬ್ಬನು ಕುಕ್ಕರುಗಾಲಿನಲ್ಲಿ ಕುಳಿತಿದ್ದನು.

"ನಿಲ್ಲಿಸು!" ಎಂದನು ಸಾರ್ಜೆಂಟ್.

"ಆಯ್ತು ಸಾರ್" ಎಂದು ಇದಿನಬ್ಬನು ಉಜ್ಜಿದನು.

"ನಿಲ್ಲಿಸು ಎಂದೆ!"

"ಇದೊಂದು ಮೂಲೆ, ಸಾರ್."

"ಮಗಳ ಮದುವೆ, ಮಾರಾಯ್ರೇ! ಮಗಳ ಮದುವೆ!" ಎಂದು ಜಲೀಲನು ಕನ್ನಡದಲ್ಲಿ ಕೂಗಿದನು. ಇದಿನಬ್ಬನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ರಜೆಯ ಅರ್ಜಿಯ ಕಾರಣ ಸಾರ್ಜೆಂಟ್ ಅವದ್‌ನಿಗೂ ಗೊತ್ತಿತ್ತು. ಅವನಿಗೆ ನಾಲ್ವರು ಹೆಣ್ಣುಮಕ್ಕಳು. ಅವನು ದೋಷಗಳ ಪುಸ್ತಕವನ್ನು ತೆರೆದು ಕ್ಯಾಪ್ಟನನ ಕಡೆಗೆ ತಿರುಗಿದನು.

"ಸಾರ್, ಬೆರಳು ಕುದುರೆಯನ್ನು ಬಿಟ್ಟ ಮೇಲೂ ಬಂದೂಕು ಹಾರುತ್ತಲೇ ಇದ್ದರೆ ನಾವು ಏನು ಮಾಡುತ್ತೇವೆ?"

"ಅದು ಅತ್ಯಂತ ಗಂಭೀರ ದೋಷ. ಕೂಡಲೇ ಸೇವೆಯಿಂದ ತೆಗೆಯುತ್ತೇವೆ."

"ಬರೆಯಲೇ?"

ಕ್ಯಾಪ್ಟನನು ಕಿಟಕಿಯ ಹೊರಗೆ ನೋಡಿದನು. "ಬರೆ."

ಸಾರ್ಜೆಂಟನು ಬರೆದನು: "ಸಲಕರಣೆ ಹದಿನಾಲ್ಕು. ದೋಷ: ನಿಲ್ಲಿಸಿದರೆ ನಿಲ್ಲುವುದಿಲ್ಲ. ತಯಾರಾದ ಸ್ಥಳಕ್ಕೆ ನಲವತ್ತೈದು ದಿನ." ಪತ್ರ ಮೂರು ಪ್ರತಿ. ಎರಡು ಕಾಗದದವು. ಒಂದು ಶಿಬಿರದಲ್ಲಿ ಉಳಿಯಿತು, ಇನ್ನೊಂದನ್ನು ನೋಡಿ ಕಫೀಲನು ಪಾಸ್‌ಪೋರ್ಟ್ ಕೊಟ್ಟನು. ಮೂರನೆಯದು ಬಟ್ಟೆಯ ಚೀಟಿ, ಸಲಕರಣೆಗೆ ದಾರದಿಂದ ಕಟ್ಟಿ ಕಳುಹಿಸುವಂಥದ್ದು. ದುರಸ್ತಿ ಮಾಡಿದವರು ಅದರಲ್ಲಿ ಷರಾ ಬರೆದು, ವಾಪಸು ಬಂದ ಮೇಲೆ ಪುಸ್ತಕಕ್ಕೆ ಅಂಟಿಸಿದರೆ ಮಾತ್ರ ಸಲಕರಣೆ ಮತ್ತೆ ಲೆಕ್ಕಕ್ಕೆ ಸೇರುತ್ತದೆ.

ಏಪ್ರಿಲ್ ಮೂವತ್ತಕ್ಕೆ ಇದಿನಬ್ಬನು ಪಾಣೆಮಂಗಳೂರನ್ನು ಮುಟ್ಟಿದನು. ಮೇ ಎರಡರಂದು ಆಮಿನತಳ ನಿಕಾಹ್ ನಡೆಯಿತು. ಮದುಮಗ ಇಲ್ಯಾಸನ ತಂದೆ, ಮಿಲಿಟರಿಯಲ್ಲಿ ತಮ್ಮದು ಎಷ್ಟನೆಯ ಸ್ಥಾನ ಎಂದು ವಿನಯದಿಂದ ಕೇಳಿದರು. "ಹದಿನಾಲ್ಕನೆಯದು" ಎಂದನು ಇದಿನಬ್ಬ. ಇಡೀ ಸೌದಿ ಸೈನ್ಯದಲ್ಲಿ ಹದಿನಾಲ್ಕನೆಯವರೆಂದು ತಿಳಿದು ಬೀಗರು ಕುರ್ಚಿಯಿಂದ ಎದ್ದು ನಿಂತರು. ಇದಿನಬ್ಬನು ಆ ತಪ್ಪನ್ನು ತಿದ್ದಲಿಲ್ಲ. ಅವನ ಕಣ್ಣು ಬೀಗರ ಕಾಲರಿನ ಮೇಲಿತ್ತು. ಊಟದ ಹೊತ್ತಿಗೆ ಬೀಗರು ಬನಿಯನಿನಲ್ಲಿ ಕುಳಿತಿದ್ದರು, ಅಂಗಿ ಬಿಸಿಲಿನಲ್ಲಿ ಒಣಗುತ್ತಿತ್ತು.

ನಲವತ್ತೈದನೆಯ ದಿನ ಅವನು ಬಟ್ಟೆಯ ಚೀಟಿಯನ್ನು ಝೊಹರಾಳ ಮುಂದಿಟ್ಟು ಎಲ್ಲವನ್ನೂ ಹೇಳಿದನು. ಅವಳು ಮೀನಿನ ಸಾರು ಕಲಕುತ್ತಿದ್ದ ಕೈಯಲ್ಲಿಯೇ ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ ಬರೆದಳು: "ದೋಷ ಉಂಟು. ಇಪ್ಪತ್ತೆರಡು ವರ್ಷ ನೋಡಿ ಆಯ್ತು. ರಿಪೇರಿ ಆಗುವುದಿಲ್ಲ. ಹೀಗೆಯೇ ಉಪಯೋಗಿಸಿ. ಝೊಹರಾ." ಹೆಸರಿನ ಕೆಳಗೆ ಹೆಬ್ಬೆರಳಿನ ಗಾತ್ರದ ಸಾರಿನ ಕಲೆ ಬಿತ್ತು.

ಜಲೀಲನು ಅದನ್ನು ಅರಬಿಗೆ ತಿರುಗಿಸಿ ಓದಿದಾಗ ಕ್ಯಾಪ್ಟನನು ಮೆಚ್ಚಿದನು. ಇಷ್ಟು ಸ್ಪಷ್ಟವಾದ ಷರಾ ಯಾವ ಕಾರ್ಖಾನೆಯಿಂದಲೂ ಬಂದಿರಲಿಲ್ಲ. "ನಾಳೆ ಪುಸ್ತಕಕ್ಕೆ ಅಂಟಿಸೋಣ. ಅಲ್ಲಿಯ ತನಕ ಚೆನ್ನಾಗಿ ನೋಡಿಕೋ" ಎಂದು ಚೀಟಿಯನ್ನು ಇದಿನಬ್ಬನ ಕೈಗೆ ಕೊಟ್ಟನು.

ಮರುದಿನ ಇದಿನಬ್ಬನು ಅದನ್ನು ತಂದು ಮೇಜಿನ ಮೇಲಿಟ್ಟನು. ಕಲೆ ಹೋಗಿತ್ತು. ಜೊತೆಗೆ ಷರಾ, ಸಹಿ, ಮುದ್ರೆ, ಸಂಖ್ಯೆ ಎಲ್ಲವೂ ಹೋಗಿದ್ದವು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಬಟ್ಟೆಯೊಂದು ಉಳಿದಿತ್ತು.

"ಎಷ್ಟು ನೀರು?" ಎಂದನು ಸಾರ್ಜೆಂಟ್.

"ನಾಲ್ಕು" ಎಂದನು ಇದಿನಬ್ಬ.

ಅಂಟಿಸುವುದಕ್ಕೆ ಏನೂ ಇಲ್ಲದ್ದರಿಂದ ಏನನ್ನೂ ಅಂಟಿಸಲಿಲ್ಲ. ಶಿಬಿರದ ಪುಸ್ತಕದ ಪ್ರಕಾರ ಹದಿನಾಲ್ಕನೆಯ ಸಲಕರಣೆ ಪಾಣೆಮಂಗಳೂರಿನಲ್ಲಿ ದುರಸ್ತಿಯಲ್ಲಿಯೇ ಉಳಿಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವನು ಯಾವ ಪಟ್ಟಿಯಲ್ಲಿಯೂ ಇಲ್ಲದ ಮನುಷ್ಯ. ಅವನಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ರಜೆ ಸಿಗುತ್ತಿತ್ತು.